ಭುಜದ ನೋವಿಗೆ ಹೋದರೆ ಕುತ್ತಿಗೆಯಲ್ಲೂ ಗಂಟು ಸಿಕ್ಕಿತು: ಎರಡಕ್ಕೂ ಆಪರೇಷನ್ ಬೇಕಾ?

ಹೇಮಾವತಿ ದಂಡೆ

ನಮಸ್ಕಾರ. ಅಕ್ಕನ ಪರವಾಗಿ ಕೇಳುತ್ತಿದ್ದೇನೆ. ಅವಳಿಗೆ 52 ವರ್ಷ, ಸಕ್ಕರೆ ಕಾಯಿಲೆ ಇದೆ. ಕೆಲವು ತಿಂಗಳಿಂದ ಎಡ ಭುಜ ಹಿಡಿದುಕೊಂಡಿದೆ. ಜಡೆ ಹಾಕಿಕೊಳ್ಳಲು ಆಗುವುದಿಲ್ಲ, ಕೈ ಬೆನ್ನ ಹಿಂದೆ ಹೋಗುವುದಿಲ್ಲ. ಆ ಮಗ್ಗುಲಿಗೆ ಮಲಗಿದರೆ ನಿದ್ದೆ ಇಲ್ಲ. ಎಂಆರ್‌ಐ ಮಾಡಿಸಿದೆವು. ಸುಪ್ರಾಸ್ಪೈನೇಟಸ್ ಟೆಂಡನ್, ಅಂದರೆ ಭುಜದ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಅರ್ಧಂಬರ್ಧ ಹರಿದಿದೆ ಅಂತ ಬಂದಿದೆ.

ಭುಜ ಹೀಗೆ ಹಿಡಿದುಕೊಂಡವರಲ್ಲಿ ಥೈರಾಯ್ಡ್ ತೊಂದರೆಯೂ ಇರಬಹುದು ಅಂತ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತ ಪರೀಕ್ಷೆ ಬರೆದುಕೊಟ್ಟರು. ಅದು ನಾರ್ಮಲ್. ಆದರೆ ನಾವು ತೆಗೆದುಕೊಂಡ ಪ್ಯಾಕೇಜಿನಲ್ಲಿ ಕುತ್ತಿಗೆಯ ಸ್ಕ್ಯಾನಿಂಗ್ ಕೂಡ ಇತ್ತು. ಥೈರಾಯ್ಡಿನ ಬಲಗಡೆ 9 ಮಿ.ಮೀ. ಗಂಟು, 'ಎಸಿಆರ್ ಟೈ-ರಾಡ್ಸ್ 4' ಅಂತ ರಿಪೋರ್ಟ್. ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ಎರಡನ್ನೂ ಆಪರೇಷನ್ ಮಾಡಿಸಿ ಮುಗಿಸಿಬಿಡೋಣ ಅನ್ನುವುದು ಭಾವನ ವಾದ. ಇಲ್ಲಿ ವೈದ್ಯಕೀಯ ರಂಗದವರು ಇದ್ದೀರಿ. ಸಂಶೋಧನೆ ಏನು ಹೇಳುತ್ತದೆ ಅಂತ ತಿಳಿಸಿದರೆ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಬಹುದು.

ಥೇಮ್ಸ್ ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿ ಫಿಸಿಯೋಥೆರಪಿಸ್ಟ್. ಜಾಸ್ತಿ ನೋಡುವುದು ಭುಜದ ರೋಗಿಗಳನ್ನೇ. ನೋಡದೆ ರೋಗ ಹೇಳಲಾರೆ. ಆದರೆ ನೀವು ಬರೆದ ಲಕ್ಷಣ ಟೆಂಡನ್ ಹರಿದಿದ್ದಕ್ಕಿಂತ ಫ್ರೋಜನ್ ಶೋಲ್ಡರಿಗೇ ಹತ್ತಿರ ಇದೆ.

ಕ್ಲಿನಿಕ್ಕಿನಲ್ಲಿ ಮೊದಲು ನೋಡುವುದು ಇದನ್ನು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ಹೊರಗೆ ತಿರುಗಿಸಬೇಕು. ಅವರಿಗೇ ತಿರುಗಿಸಲು ಆಗದೆ, ನಾವು ಹಿಡಿದು ತಿರುಗಿಸಿದಾಗ ಸಲೀಸಾಗಿ ತಿರುಗಿದರೆ ಸ್ನಾಯು ಅಥವಾ ಟೆಂಡನ್ ಕಡೆ ಯೋಚಿಸುತ್ತೇವೆ. ನಾವು ತಿರುಗಿಸಿದರೂ ಕೈ ಬರದಿದ್ದರೆ ಕೀಲಿನ ಸುತ್ತಲಿನ ಚೀಲವೇ ದಪ್ಪವಾಗಿ ಕುಗ್ಗಿದೆ ಎಂದರ್ಥ. ಅದು ಫ್ರೋಜನ್ ಶೋಲ್ಡರ್. ಸಂಧಿವಾತ ಇದ್ದರೂ ಹೀಗೇ ಆಗಬಹುದು, ಹಾಗಾಗಿ ಒಂದು ಎಕ್ಸ್‌ರೇ ಬೇಕು. ಸಾಮಾನ್ಯವಾಗಿ 40ರಿಂದ 60 ವಯಸ್ಸಿನವರಿಗೆ ಬರುತ್ತದೆ. ಹೆಂಗಸರಿಗೆ ಜಾಸ್ತಿ. ಸಕ್ಕರೆ ಕಾಯಿಲೆ ಇರುವವರಿಗೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಜಾಸ್ತಿ.

ಹಾಗಾದರೆ ಎಂಆರ್‌ಐನಲ್ಲಿ ಕಂಡ ಹರುಕು? ಜಪಾನಿನ ಒಂದು ಹಳ್ಳಿಯಲ್ಲಿ 664 ಜನರ ಭುಜಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದ್ದರು. ವರದಿ ಬಂದದ್ದು 2013ರಲ್ಲಿ. ಅವರು ಆಸ್ಪತ್ರೆಗೆ ಬಂದ ರೋಗಿಗಳಲ್ಲ, ಊರಿನ ಜನ. ಅವರಲ್ಲಿ 100ಕ್ಕೆ 22 ಮಂದಿಗೆ ಟೆಂಡನ್ ಪೂರ್ತಿ ಆರುಪಾರು ಹರಿದಿತ್ತು. ಅಂಥವರಲ್ಲಿ ಮೂರನೇ ಎರಡು ಪಾಲು ಜನಕ್ಕೆ ನೋವೇ ಇರಲಿಲ್ಲ. 50 ದಾಟಿದವರಲ್ಲಿ ಹೀಗೆ ನೋವಿಲ್ಲದ ಹರುಕು ತುಂಬಾ ಸಾಮಾನ್ಯ. ಅಂದರೆ ಅಕ್ಕನ ನೋವಿಗೂ ಎಂಆರ್‌ಐನ ಹರುಕಿಗೂ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು. ಕೈಯನ್ನು ಮುಟ್ಟಿ ತಿರುಗಿಸಿ ನೋಡಿದವರು ಮಾತ್ರ ಅದನ್ನು ಹೇಳಬಲ್ಲರು. ಅಂಥ ಪರೀಕ್ಷೆ ಆಗಿದೆಯಾ?

ಹೇಮಾವತಿ ದಂಡೆ

ಸ್ವಲ್ಪ ಎತ್ತಿಸಿ ನೋಡಿದರು, ಅಷ್ಟೆ. ಇವತ್ತು ನೀವು ಹೇಳಿದ ಹಾಗೆ ಮೊಣಕೈ ಪಕ್ಕೆಗೆ ಇಟ್ಟು ಮೆಲ್ಲಗೆ ತಿರುಗಿಸಿ ನೋಡಿದೆ. ಸ್ವಲ್ಪವೂ ಬರಲಿಲ್ಲ. ಇನ್ನೊಂದು ಕೈ ಆರಾಮಾಗಿ ಹೊರಗೆ ತಿರುಗುತ್ತದೆ. ಫ್ರೋಜನ್ ಶೋಲ್ಡರ್ ಆದರೆ ಚಿಕಿತ್ಸೆ ಏನು? ಅರಿವಳಿಕೆ ಕೊಟ್ಟು ಕೈ ತಿರುಗಿಸಿ ಬಿಡಿಸುತ್ತಾರಂತೆ, ಹೌದಾ?

ಥೇಮ್ಸ್ ಕನ್ನಡಿಗ

ಹೌದು, ಅದೂ ಒಂದು ದಾರಿ. ಈ ಪ್ರಶ್ನೆಗೇ ಒಂದು ದೊಡ್ಡ ಪ್ರಯೋಗ ನಡೆದಿದೆ. ಹೆಸರು ಯುಕೆ ಫ್ರಾಸ್ಟ್. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 35 ಆಸ್ಪತ್ರೆಗಳು, 503 ರೋಗಿಗಳು. ಚೀಟಿ ಎತ್ತಿದ ಹಾಗೆ ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅರಿವಳಿಕೆ ಕೊಟ್ಟು ಕೈ ಬಿಡಿಸಿದರು. ಇನ್ನೊಂದಕ್ಕೆ ಕೀಲಿನೊಳಗೆ ದೂರ್ಬೀನು ಹಾಕಿ ಚೀಲವನ್ನು ಕತ್ತರಿಸಿ ಸಡಿಲ ಮಾಡಿದರು. ಮೂರನೆಯದಕ್ಕೆ ಆಪರೇಷನ್ನೇ ಇಲ್ಲ. ಕೀಲಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಜೊತೆಗೆ ಕ್ರಮವಾದ ಫಿಸಿಯೋಥೆರಪಿ.

ಒಂದು ವರ್ಷದ ನಂತರ ಆಕ್ಸ್‌ಫರ್ಡ್ ಭುಜದ ಅಂಕದಲ್ಲಿ ಅಳೆದರು. 48 ಬಂದರೆ ಭುಜ ಪೂರ್ತಿ ಚೆನ್ನಾಗಿದೆ ಅಂತ ಲೆಕ್ಕ. ಕೈ ಬಿಡಿಸಿದವರಿಗೆ 38.3, ಚೀಲ ಕತ್ತರಿಸಿದವರಿಗೆ 40.3, ಇಂಜೆಕ್ಷನ್ ಮತ್ತು ಫಿಸಿಯೋ ಮಾಡಿದವರಿಗೆ 37.2. ರೋಗಿಗೆ ಗೊತ್ತಾಗುವಷ್ಟು ದೊಡ್ಡ ವ್ಯತ್ಯಾಸ ಯಾವುದರ ನಡುವೆಯೂ ಇಲ್ಲ. ಮೂರೂ ಗುಂಪಿನವರು ಚೇತರಿಸಿಕೊಂಡರು. ಗಂಭೀರ ತೊಂದರೆಗಳು ಜಾಸ್ತಿ ಕಂಡದ್ದು ಚೀಲ ಕತ್ತರಿಸಿದ ಗುಂಪಿನಲ್ಲಿ.

ಒಂದು ಮಾತು ಸೇರಿಸಲೇಬೇಕು. ಫಿಸಿಯೋ ಗುಂಪಿನ ಕೆಲವರಿಗೆ ಸಾಕಾಗದೆ ಮುಂದೆ ಬೇರೆ ಚಿಕಿತ್ಸೆ ಬೇಕಾಯಿತು. ಹಾಗಾಗಿ ಆಪರೇಷನ್ ಯಾವತ್ತೂ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ಇಂಜೆಕ್ಷನ್ ಮತ್ತು ವ್ಯಾಯಾಮ, ಅದಕ್ಕೆ ಬಗ್ಗದಿದ್ದರೆ ಮುಂದಿನದು.

ಸಕ್ಕರೆ ಇರುವವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ. ಡಾಕ್ಟರಿಗೆ ಮೊದಲೇ ನೆನಪಿಸಿ. ಮನೆಯಲ್ಲಿ ಬೆರಳಿನ ರಕ್ತ ಪರೀಕ್ಷೆ ಮಾಡುತ್ತಾ ಇರಿ. ಮತ್ತೆ, ನೋವು ಜೋರಾಗಿರುವ ಹಂತದಲ್ಲಿ ಕೈಯನ್ನು ಬಲವಂತವಾಗಿ ಎಳೆಯಲು ಯಾರಿಗೂ ಬಿಡಬೇಡಿ. ಎಣ್ಣೆ ಹಚ್ಚಿ ಜಗ್ಗಿಸಿಕೊಂಡು ಬಂದು ನೋವು ಜಾಸ್ತಿಯಾದವರನ್ನು ಊರಿಗೆ ಬಂದಾಗೆಲ್ಲ ನೋಡುತ್ತೇನೆ, ಸಂಕಟವಾಗುತ್ತದೆ.

ಬಯಲುಸೀಮೆ

ನನ್ನದೊಂದು ಆಕ್ಷೇಪಣೆ ಇದೆ, ಬೇಸರ ಮಾಡಿಕೊಳ್ಳಬೇಡಿ. ನನಗೆ ಭುಜದಲ್ಲಿ ಇಂಪಿಂಜ್‌ಮೆಂಟ್ ಅಂದರು. ಮೇಲಿನ ಮೂಳೆ ಟೆಂಡನ್ನಿಗೆ ಉಜ್ಜುತ್ತಿದೆ, ಅದನ್ನು ಕೆತ್ತಿ ಜಾಗ ಮಾಡಬೇಕು ಅಂದರು. ದೂರ್ಬೀನಿನ ಆಪರೇಷನ್ ಆಯಿತು. ವಾಸಿಯಾಯಿತು. ಈಗ ಹೊಲದಲ್ಲಿ ಎಲ್ಲ ಕೆಲಸ ಮಾಡುತ್ತೇನೆ. ಆಪರೇಷನ್ನಿಂದ ಪ್ರಯೋಜನ ಇಲ್ಲ ಅಂತ ಓದಿದರೆ ನನ್ನಂಥವರಿಗೆ ಏನನ್ನಿಸಬೇಕು? ವಾಸಿಯಾಗಿದ್ದು ನಿಜ ತಾನೆ?

ಥೇಮ್ಸ್ ಕನ್ನಡಿಗ

ನೂರಕ್ಕೆ ನೂರು ನಿಜ. ನಿಮ್ಮ ನೋವು ನಿಜ, ವಾಸಿಯಾಗಿದ್ದೂ ನಿಜ. ವಾಸಿಯಾದದ್ದು ಮೂಳೆ ಕೆತ್ತಿದ್ದರಿಂದಲೇನಾ ಅನ್ನುವುದೊಂದೇ ಪ್ರಶ್ನೆ. ಅದನ್ನು ಒಬ್ಬ ರೋಗಿಯಿಂದಲೂ ಹೇಳಲಾಗದು, ಒಬ್ಬ ಸರ್ಜನ್ನಿಂದಲೂ ಹೇಳಲಾಗದು. ಅದಕ್ಕೇ ಪ್ರಯೋಗ ಬೇಕಾಯಿತು. ಈ ಕಥೆ ಸ್ವಲ್ಪ ಉದ್ದ, ಆದರೆ ಹೇಳಲೇಬೇಕು.

1972ರಲ್ಲಿ ಅಮೆರಿಕದ ಸರ್ಜನ್ ಚಾರ್ಲ್ಸ್ ನೀರ್ ಒಂದು ಲೇಖನ ಬರೆದರು. ಭುಜದ ಮೇಲ್ಛಾವಣಿಯಂಥ ಮೂಳೆ, ಅಕ್ರೋಮಿಯಾನ್, ಅದರ ಮುಂಭಾಗದ ತಳ ಟೆಂಡನ್ನನ್ನು ಉಜ್ಜುತ್ತದೆ, ಅದನ್ನು ಕೆತ್ತಿದರೆ ನೋವು ಹೋಗುತ್ತದೆ ಅನ್ನುವುದು ಅವರ ವಿಚಾರ. ಕೇಳಿದರೆ ಸರಿ ಅನ್ನಿಸುತ್ತದೆ ಅಲ್ವಾ? ದೂರ್ಬೀನು ಬಂದ ಮೇಲೆ ಅದು ಸಣ್ಣ ತೂತಿನ ಆಪರೇಷನ್ ಆಯಿತು. ಇಂಗ್ಲೆಂಡಿನಲ್ಲಿ 2000ದಲ್ಲಿ ಇಂಥ ಆಪರೇಷನ್ 2,523 ಇದ್ದದ್ದು 2010ರ ಹೊತ್ತಿಗೆ 21,355ಕ್ಕೆ ಏರಿತು. ಹತ್ತು ವರ್ಷದಲ್ಲಿ ಎಂಟು ಪಟ್ಟು. ಅಷ್ಟಾದರೂ, ಮೂಳೆ ಕೆತ್ತದೆ ಬಿಟ್ಟರೆ ಏನಾಗುತ್ತದೆ ಅಂತ ಯಾರೂ ಸರಿಯಾಗಿ ಹೋಲಿಸಿ ನೋಡಿರಲಿಲ್ಲ.

ಆಕ್ಸ್‌ಫರ್ಡಿನ ತಂಡ ಅದನ್ನು ಮಾಡಿತು. ಪ್ರಯೋಗದ ಹೆಸರು ಸಿ-ಸಾ. 32 ಆಸ್ಪತ್ರೆಗಳಲ್ಲಿ 313 ರೋಗಿಗಳು, ಎಲ್ಲರಿಗೂ ಕನಿಷ್ಠ ಮೂರು ತಿಂಗಳಿಂದ ನೋವು. ಒಂದು ಗುಂಪಿಗೆ ನಿಜವಾದ ಆಪರೇಷನ್. ಎರಡನೇ ಗುಂಪಿಗೆ ಅರಿವಳಿಕೆ ಕೊಟ್ಟರು, ತೂತು ಮಾಡಿದರು, ದೂರ್ಬೀನು ಹಾಕಿ ಒಳಗೆ ನೋಡಿದರು, ಆದರೆ ಮೂಳೆ ಮುಟ್ಟದೆ ಹೊಲಿಗೆ ಹಾಕಿದರು. ಮೂರನೇ ಗುಂಪಿಗೆ ಏನೂ ಇಲ್ಲ. ಆರು ತಿಂಗಳ ನಂತರ ಅದೇ ಆಕ್ಸ್‌ಫರ್ಡ್ ಭುಜದ ಅಂಕ ಹೀಗಿತ್ತು: ಮೂಳೆ ಕೆತ್ತಿದವರಿಗೆ 32.7, ಒಳಗೆ ನೋಡಿ ಬಂದವರಿಗೆ 34.2, ಏನೂ ಮಾಡದವರಿಗೆ 29.4. ಕೆತ್ತಿದ್ದಕ್ಕೂ ಕೆತ್ತದ್ದಕ್ಕೂ ವ್ಯತ್ಯಾಸವೇ ಇಲ್ಲ. ಏನೂ ಮಾಡದವರಿಗಿಂತ ಆಪರೇಷನ್ ಆದವರಿಗೆ ಮೂರು ಅಂಕ ಜಾಸ್ತಿ, ಆದರೆ ರೋಗಿಯ ದಿನನಿತ್ಯದಲ್ಲಿ ಗೊತ್ತಾಗುವಷ್ಟು ಅಲ್ಲ.

ಇದರಲ್ಲಿ ಕುಂದು ಇಲ್ಲ ಅಂತಲ್ಲ. ಆರು ತಿಂಗಳ ಹೊತ್ತಿಗೆ ಒಂದಷ್ಟು ಜನಕ್ಕೆ ಅವರ ಗುಂಪಿಗೆ ನಿಗದಿಯಾದ ಚಿಕಿತ್ಸೆಯೇ ಆಗಿರಲಿಲ್ಲ. ಸರ್ಜನ್ನರು ಅದನ್ನು ಎತ್ತಿ ಆಡಿದರು, ಅದು ನ್ಯಾಯವಾದ ಮಾತೇ. ಆದರೆ ಮರುವರ್ಷ, 2018ರಲ್ಲಿ, ಫಿನ್ಲೆಂಡಿನ ತಂಡ 210 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ ಅದೇ ಉತ್ತರ ಕೊಟ್ಟಿತು. ಬೇರೆ ದೇಶ, ಬೇರೆ ಸರ್ಜನ್ನರು, ಅದೇ ಫಲಿತಾಂಶ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಮಾರ್ಗಸೂಚಿ ತಂಡ ಈ ಆಪರೇಷನ್ ಬೇಡ ಅಂತ ಗಟ್ಟಿಯಾಗಿ ಶಿಫಾರಸು ಮಾಡಿತು.

ನಿಮ್ಮ ವಿಷಯದಲ್ಲಿ ಆಪರೇಷನ್ ಆದ ಮೇಲೆ ಕೆಲವು ವಾರ ಭಾರ ಎತ್ತಿರಲಿಕ್ಕಿಲ್ಲ. ವ್ಯಾಯಾಮ ಮಾಡಿರುತ್ತೀರಿ. ವಾಸಿಯಾಗುತ್ತದೆ ಅನ್ನುವ ನಂಬಿಕೆ ಇತ್ತು. ಕಾಲವೂ ಸರಿದಿತ್ತು. ಇವೆಲ್ಲ ಭುಜಕ್ಕೆ ನಿಜವಾದ ಔಷಧಿಗಳೇ.

ಬಯಲುಸೀಮೆ

ಆರು ವಾರ ಗುದ್ದಲಿ ಮುಟ್ಟಬೇಡ ಅಂದಿದ್ದರು. ಅದು ನಿಜ. ಈಗ ವಿಚಾರ ಅರ್ಥವಾಯಿತು. ಈ ವಿವರ ನನಗೆ ಆಗ ಸಿಕ್ಕಿದ್ದರೆ ಮೊದಲು ವ್ಯಾಯಾಮವನ್ನೇ ಕೇಳುತ್ತಿದ್ದೆ.

ಮಲೆನಾಡ ಮಳೆ

ಆಪರೇಷನ್ ಮಾಡಿದ ಹಾಗೆ ಮಾಡಿ ಮಾಡದೇ ಇರುವುದು ರೋಗಿಗೆ ಅನ್ಯಾಯ ಅಲ್ವಾ? ಅರಿವಳಿಕೆಯಲ್ಲೂ ಅಪಾಯ ಇದೆ.

ಥೇಮ್ಸ್ ಕನ್ನಡಿಗ

ಸೇರುವ ಮೊದಲೇ ಎಲ್ಲರಿಗೂ ವಿವರಿಸಿ ಒಪ್ಪಿಗೆ ಪಡೆದಿರುತ್ತಾರೆ. ನೈತಿಕ ಸಮಿತಿ ಪರಿಶೀಲಿಸಿರುತ್ತದೆ. ದೂರ್ಬೀನು ಹಾಕಿಸಿಕೊಂಡವರಿಗೆ ತಮ್ಮದು ಯಾವ ಗುಂಪು ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ: 313 ಜನ ತಿಳಿದೂ ಒಪ್ಪಿ ಆ ಅಪಾಯ ತೆಗೆದುಕೊಂಡರು. ಅವರಿಲ್ಲದೆ ವರ್ಷಕ್ಕೆ ಇಪ್ಪತ್ತು ಸಾವಿರ ಜನ ತಿಳಿಯದೆಯೇ ಅದೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಿದ್ದರು. ಆ 313 ಜನರ ಬಗ್ಗೆ ನನಗೆ ತುಂಬಾ ಗೌರವ.

ಹೇಮಾವತಿ ದಂಡೆ

ಭುಜದ ವಿಷಯ ಸ್ಪಷ್ಟವಾಯಿತು, ತುಂಬಾ ಧನ್ಯವಾದ. ಆದರೆ ಮನೆಯವರ ನಿಜವಾದ ಭಯ ಕುತ್ತಿಗೆಯ ಗಂಟು. ಭುಜಕ್ಕೆ ಕಾಯಬಹುದು, ಕ್ಯಾನ್ಸರಿಗೆ ಹೇಗೆ ಕಾಯುವುದು?

ಮಂಗಳೂರು ಮೈಕ್ರೋಸ್ಕೋಪ್

ನಾನು ಪೆಥಾಲಜಿಸ್ಟ್. ಥೈರಾಯ್ಡ್ ಗಂಟಿನಿಂದ ಸೂಜಿಯಲ್ಲಿ ತೆಗೆದ ಜೀವಕೋಶಗಳ ಸ್ಲೈಡುಗಳನ್ನು ದಿನವೂ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಸಾವಧಾನವಾಗಿ ಬರೆಯುತ್ತೇನೆ, ಓದಿ.

ಕೈಗೆ ಸಿಗುವಷ್ಟು ದೊಡ್ಡ ಗಂಟು ಸುಮಾರು 100ರಲ್ಲಿ ಐದು ಹೆಂಗಸರಿಗೆ ಇರುತ್ತದೆ. ಆದರೆ ಒಳ್ಳೆಯ ಅಲ್ಟ್ರಾಸೌಂಡ್ ಇಟ್ಟು ಹುಡುಕಿದರೆ 100ರಲ್ಲಿ 19ರಿಂದ 68 ಜನರಿಗೆ ಗಂಟು ಸಿಗುತ್ತದೆ. ವಯಸ್ಸಾದಷ್ಟೂ ಜಾಸ್ತಿ. ನಿಮ್ಮ ಬೀದಿಯ ಎಲ್ಲ ದೊಡ್ಡವರನ್ನೂ ಸ್ಕ್ಯಾನ್ ಮಾಡಿದರೆ ಮನೆಗೊಬ್ಬರಿಗಾದರೂ ಸಿಕ್ಕೀತು. ಅವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ.

ಯಾವ ಗಂಟಿಗೆ ಸೂಜಿ ಹಾಕಬೇಕು ಅಂತ ತೀರ್ಮಾನಿಸಲು ಅಮೆರಿಕದ ರೇಡಿಯಾಲಜಿ ಸಂಸ್ಥೆ ಎಸಿಆರ್ 2017ರಲ್ಲಿ ಅಂಕದ ಪದ್ಧತಿ ಮಾಡಿತು. ಅದೇ ನಿಮ್ಮ ರಿಪೋರ್ಟಿನ ಟೈ-ರಾಡ್ಸ್. ಐದು ವಿಷಯ ನೋಡುತ್ತಾರೆ: ಗಂಟು ಗಟ್ಟಿಯೋ ನೀರು ತುಂಬಿದೆಯೋ, ಸ್ಕ್ಯಾನಿನಲ್ಲಿ ಎಷ್ಟು ಕಪ್ಪಗೆ ಕಾಣುತ್ತದೆ, ಅಗಲಕ್ಕಿಂತ ಎತ್ತರ ಜಾಸ್ತಿಯಾ, ಅಂಚು ಹೇಗಿದೆ, ಒಳಗೆ ಬಿಳಿ ಚುಕ್ಕೆಗಳಿವೆಯಾ. ಗಟ್ಟಿ ಗಂಟಿಗೆ 2, ಕಪ್ಪಗಿದ್ದರೆ 2, ಎತ್ತರ ಜಾಸ್ತಿಯಿದ್ದರೆ 3, ಸಣ್ಣ ಬಿಳಿ ಚುಕ್ಕೆಗೆ 3, ಹೀಗೆ. ಒಟ್ಟು 4ರಿಂದ 6 ಬಂದರೆ 4ನೇ ವರ್ಗ. 7 ಅಥವಾ ಹೆಚ್ಚು ಬಂದರೆ 5ನೇ ವರ್ಗ.

ಇಲ್ಲಿ ಜನ ಮರೆಯುವುದು ಗಾತ್ರ. ವರ್ಗ ಮತ್ತು ಗಾತ್ರ ಎರಡೂ ಸೇರಿಯೇ ತೀರ್ಮಾನ. ಎಸಿಆರ್ ಪ್ರಕಾರ 3ನೇ ವರ್ಗಕ್ಕೆ 2.5 ಸೆಂ.ಮೀ. ಆದರೆ ಸೂಜಿ, 4ನೇ ವರ್ಗಕ್ಕೆ 1.5 ಸೆಂ.ಮೀ., 5ನೇ ವರ್ಗಕ್ಕೆ 1 ಸೆಂ.ಮೀ. ಮತ್ತೆ ಸ್ಕ್ಯಾನ್ ಮಾಡಿ ಗಮನಿಸುತ್ತಿರಲು 4ನೇ ವರ್ಗಕ್ಕೆ ಕನಿಷ್ಠ 1 ಸೆಂ.ಮೀ. ಇರಬೇಕು. ಅಕ್ಕನದು 9 ಮಿ.ಮೀ. ಆ ಪದ್ಧತಿಯ ಪ್ರಕಾರ ಸೂಜಿಯೂ ಬೇಡ, ನಿಗದಿತ ಮರುಸ್ಕ್ಯಾನೂ ಬೇಡ. 4ನೇ ವರ್ಗದ ಗಂಟುಗಳಲ್ಲಿ 100ಕ್ಕೆ ಸುಮಾರು ಒಂಬತ್ತು ಕ್ಯಾನ್ಸರ್ ಆಗಿರುತ್ತವೆ ಅಂತ ಲೆಕ್ಕ.

ಯುರೋಪಿನ ಪದ್ಧತಿ, ಕೊರಿಯಾದ ಪದ್ಧತಿ ಬೇರೆ. ಅಲ್ಲೂ 4 ಅಂತ ಇದೆ, ಅರ್ಥ ಪೂರ್ತಿ ಒಂದೇ ಅಲ್ಲ. ನಿಮ್ಮ ರಿಪೋರ್ಟಿನಲ್ಲಿ ಎಸಿಆರ್ ಅಂತ ಬರೆದಿರುವುದು ಒಳ್ಳೆಯದಾಯಿತು.

ಮಲೆನಾಡ ಮಳೆ

ಆ ಒಂಬತ್ತರಲ್ಲಿ ಒಂದಾದರೆ? ನೂರಕ್ಕೆ ಒಂಬತ್ತು ಕಡಿಮೆ ಏನಲ್ಲ. ಬೇಗ ಸಿಕ್ಕಿದರೆ ಬೇಗ ತೆಗೆಯಬಹುದು ಅನ್ನುವುದೇ ಕ್ಯಾನ್ಸರ್ ವಿಷಯದಲ್ಲಿ ನಾವೆಲ್ಲ ಕೇಳಿಕೊಂಡು ಬಂದದ್ದು.

ಮಂಗಳೂರು ಮೈಕ್ರೋಸ್ಕೋಪ್

ಸ್ತನ, ಕರುಳು, ಗರ್ಭಕಂಠದ ಕ್ಯಾನ್ಸರಿನಲ್ಲಿ ಆ ಮಾತಿಗೆ ಬೆಲೆ ಇದೆ. ಥೈರಾಯ್ಡಿನಲ್ಲಿ ಅದು ಅಷ್ಟು ಸರಳ ಅಲ್ಲ. ಯಾಕೆ ಅಂತ ದಕ್ಷಿಣ ಕೊರಿಯಾ ಇಡೀ ಜಗತ್ತಿಗೆ ತೋರಿಸಿಕೊಟ್ಟಿತು.

ಅಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಯೋಜನೆ ಶುರು ಮಾಡಿತು. ಥೈರಾಯ್ಡ್ ಅದರಲ್ಲಿ ಇರಲಿಲ್ಲ. ಆದರೆ ತಪಾಸಣೆಗೆ ಬಂದವರಿಗೆ, ಸ್ವಲ್ಪ ಹಣ ಸೇರಿಸಿ ಕೊಟ್ಟರೆ ಕುತ್ತಿಗೆ ಸ್ಕ್ಯಾನೂ ಮಾಡುತ್ತೇವೆ ಅಂತ ಆಸ್ಪತ್ರೆಗಳು ಹೇಳಿದವು. ಜನ ಮಾಡಿಸಿಕೊಂಡರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಆಗಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನಕ್ಕೆ ಹೊಸದಾಗಿ ಕ್ಯಾನ್ಸರ್ ಅಂತ ಹೇಳಿದರು. ಹೆಚ್ಚುಕಮ್ಮಿ ಎಲ್ಲರಿಗೂ ಆಪರೇಷನ್ ಆಯಿತು.

ಬೇಗ ಹಿಡಿದು ತೆಗೆದಿದ್ದರಿಂದ ಸಾವು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಥೈರಾಯ್ಡ್ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮೊದಲು ಎಷ್ಟಿತ್ತೋ ಅಷ್ಟೇ ಉಳಿಯಿತು. ಹೊಸದಾಗಿ ಸಿಕ್ಕಿದವು ಪ್ಯಾಪಿಲರಿ ಅನ್ನುವ ಜಾತಿಯ ಸಣ್ಣ ಗಂಟುಗಳು. ಜನ ಅವನ್ನು ಇಟ್ಟುಕೊಂಡೇ ಬದುಕಿ, ಬೇರೆ ಯಾವುದೋ ಕಾರಣಕ್ಕೆ ಸಾಯುತ್ತಿದ್ದರು. ಆಪರೇಷನ್ ಆದವರಲ್ಲಿ 100ಕ್ಕೆ 11 ಜನರಿಗೆ ಥೈರಾಯ್ಡಿಗೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟು ಕ್ಯಾಲ್ಸಿಯಂ ತೊಂದರೆ ಬಂತು. 100ಕ್ಕೆ ಇಬ್ಬರಿಗೆ ಧ್ವನಿ ತಂತುವಿನ ನರಕ್ಕೆ ಪೆಟ್ಟಾಯಿತು. ಥೈರಾಯ್ಡನ್ನು ಪೂರ್ತಿ ತೆಗೆದರೆ ಜೀವನವಿಡೀ ಮಾತ್ರೆ ನುಂಗಬೇಕು.

2014ರಲ್ಲಿ ಅಲ್ಲಿನ ಕೆಲವು ಡಾಕ್ಟರುಗಳೇ ಬಹಿರಂಗ ಪತ್ರ ಬರೆದು, ಲಕ್ಷಣ ಇಲ್ಲದವರಿಗೆ ಈ ಸ್ಕ್ಯಾನ್ ನಿಲ್ಲಿಸಿ ಅಂತ ಕೇಳಿಕೊಂಡರು. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಒಂದೇ ವರ್ಷದಲ್ಲಿ ಆಪರೇಷನ್ನುಗಳು 100ಕ್ಕೆ 35ರಷ್ಟು ಇಳಿದವು. ತಮ್ಮ ಆದಾಯಕ್ಕೇ ಪೆಟ್ಟು ಬೀಳುವ ಮಾತನ್ನು ಡಾಕ್ಟರುಗಳು ಎದ್ದುನಿಂತು ಹೇಳಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

1985ರಲ್ಲಿ ಫಿನ್ಲೆಂಡಿನಲ್ಲಿ ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ 101 ಜನರ ಥೈರಾಯ್ಡನ್ನು ತೆಳ್ಳಗೆ ಕತ್ತರಿಸಿ ನೋಡಿದ್ದರು. 36 ಜನರಲ್ಲಿ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಇತ್ತು. ಬದುಕಿದ್ದಾಗ ಯಾರಿಗೂ ಗೊತ್ತೇ ಇರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡುವ ನನ್ನಂಥವರಿಗೆ ಆ ಲೇಖನ ಮರೆಯಲಾಗದ್ದು. ಕ್ಯಾನ್ಸರ್ ಅಂತ ನಾವು ಬರೆಯುವ ಪದ ಎಲ್ಲ ಕಡೆಯೂ ಒಂದೇ ರೋಗವನ್ನು ಹೇಳುವುದಿಲ್ಲ.

ಗಡಿನಾಡು

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ನಮ್ಮ ಕೇರಳದಲ್ಲೂ ಹೀಗೇ ಅಂತ ಕೇಳಿದ್ದೆ, ನಿಜವಾ? ತಿರುವನಂತಪುರದಲ್ಲಿ ಥೈರಾಯ್ಡ್ ಕ್ಯಾನ್ಸರ್ ತುಂಬಾ ಅನ್ನುತ್ತಾರೆ.

ಮಂಗಳೂರು ಮೈಕ್ರೋಸ್ಕೋಪ್

ಹೌದು. ದೇಶದ ಕ್ಯಾನ್ಸರ್ ನೋಂದಣಿ ಲೆಕ್ಕಗಳಲ್ಲಿ ತಿರುವನಂತಪುರದ ಸಂಖ್ಯೆ ಎದ್ದು ಕಾಣುತ್ತದೆ, ಹೆಂಗಸರಲ್ಲಿ ಜಾಸ್ತಿ. ಆಸ್ಪತ್ರೆ, ಸ್ಕ್ಯಾನ್ ಸುಲಭವಾಗಿ ಸಿಗುವ ಕಡೆ ಪತ್ತೆಯೂ ಜಾಸ್ತಿ ಅಂತ ಸಂಶೋಧಕರು ಬರೆದಿದ್ದಾರೆ. ಬೆಂಗಳೂರಿನ ತಪಾಸಣೆ ಪ್ಯಾಕೇಜುಗಳನ್ನು ನೋಡಿದರೆ ನನಗೆ ಕೊರಿಯಾ ನೆನಪಾಗುತ್ತದೆ. ಅಮೆರಿಕದ ತಡೆಗಟ್ಟುವ ಚಿಕಿತ್ಸೆಯ ತಜ್ಞ ಸಮಿತಿ 2017ರಲ್ಲಿ, ಲಕ್ಷಣವಿಲ್ಲದ ದೊಡ್ಡವರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ಭುಜದ ನೋವಿಗೆ ಟಿಎಸ್‌ಎಚ್ ರಕ್ತ ಪರೀಕ್ಷೆ ಸರಿ. ಸ್ಕ್ಯಾನ್ ಬೇಕಿರಲಿಲ್ಲ.

ಕರಾವಳಿ ಅಮ್ಮ

ಇಷ್ಟು ಓದಿ ನನಗೆ ಸ್ವಲ್ಪ ಆತಂಕ ಆಗುತ್ತಿದೆ. ನನ್ನ ತಾಯಿಯ ಕುತ್ತಿಗೆಯ ಗಂಟನ್ನು 'ಏನೂ ಆಗಲ್ಲ, ಎಲ್ಲರಿಗೂ ಇರುತ್ತೆ' ಅಂತ ಮನೆಯಲ್ಲಿ ತಳ್ಳಿಹಾಕಿದ್ದೆವು. ಧ್ವನಿ ಒಡೆಯಿತು. ನುಂಗಲು ಕಷ್ಟವಾಯಿತು. ಆಗ ತೋರಿಸಿದೆವು. ಕ್ಯಾನ್ಸರ್ ಆಗಿತ್ತು, ಪಕ್ಕದ ಹಾಲುಗಂಟುಗಳಿಗೂ (ಲಿಂಫ್ ನೋಡ್) ಹೋಗಿತ್ತು. ದೇವರ ದಯೆಯಿಂದ ಚಿಕಿತ್ಸೆ ಆಗಿ ಈಗ ಚೆನ್ನಾಗಿದ್ದಾರೆ. ದಯವಿಟ್ಟು ಗಂಟು ಅಂದರೆ ಏನೂ ಅಲ್ಲ ಅಂತ ಯಾರೂ ತಿಳಿದುಕೊಳ್ಳಬಾರದು.

ಮಂಗಳೂರು ಮೈಕ್ರೋಸ್ಕೋಪ್

ನೀವು ಬರೆದದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ತಾಯಿಯದು ಲಕ್ಷಣ ಇದ್ದ ಗಂಟು. ಅದನ್ನು ನೋಡಲೇಬೇಕು, ಬೇಗ ನೋಡಬೇಕು. ಬೇಗ ಬೇಗ ಬೆಳೆಯುವ ಗಟ್ಟಿ ಗಂಟು, ಒಡೆದ ಧ್ವನಿ, ನುಂಗಲು ಅಥವಾ ಉಸಿರಾಡಲು ಕಷ್ಟ, ಕುತ್ತಿಗೆಯ ಪಕ್ಕದಲ್ಲಿ ಹಾಲುಗಂಟು, ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿರುವುದು, ಮನೆತನದಲ್ಲಿ ಮೆಡ್ಯುಲರಿ ಅನ್ನುವ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಇರುವುದು. ಇವುಗಳಲ್ಲಿ ಒಂದಿದ್ದರೂ ಮೇಲೆ ನಾನು ಬರೆದ ಗಾತ್ರದ ಲೆಕ್ಕ ಹಿಡಿದು ಮನೆಯಲ್ಲಿ ಕೂರಬಾರದು. ಕೊರಿಯಾದ ಪಾಠ ಲಕ್ಷಣ ಇಲ್ಲದವರನ್ನು ಹುಡುಕಿಕೊಂಡು ಹೋಗುವುದರ ಬಗ್ಗೆ. ಲಕ್ಷಣ ಇರುವವರು ಸುಮ್ನೆ ಇರಲಿ ಅಂತ ಅದು ಹೇಳುವುದಿಲ್ಲ.

ಹೇಮಾವತಿ ದಂಡೆ

ಅಕ್ಕನಿಗೆ ಇವು ಯಾವುದೂ ಇಲ್ಲ. ಆದರೂ ಅನುಮಾನ ಬಗೆಹರಿಸಿಕೊಳ್ಳಲು ಒಮ್ಮೆ ಸೂಜಿ ಪರೀಕ್ಷೆ ಮಾಡಿಸಿದರೆ ತಪ್ಪೇನು? ಸೂಜಿ ಚುಚ್ಚಿದರೆ ಹರಡುತ್ತದೆ ಅಂತಲೂ ಯಾರೋ ಹೆದರಿಸಿದರು.

ಮಂಗಳೂರು ಮೈಕ್ರೋಸ್ಕೋಪ್

ಸೂಜಿಯಿಂದ ಹರಡುವ ಭಯ ಬಿಡಿ. ಅದು ತೀರಾ ತೀರಾ ಅಪರೂಪ. ರಕ್ತ ತೆಗೆಯುವ ಸೂಜಿಗಿಂತ ಸಣ್ಣದು, ಕೆಲವೇ ನಿಮಿಷದ ಕೆಲಸ.

ಆದರೆ ಸೂಜಿ ಪರೀಕ್ಷೆ ಯಾವಾಗಲೂ ಹೌದು ಅಥವಾ ಇಲ್ಲ ಅನ್ನುವುದಿಲ್ಲ. ನಾವು ಬೆಥೆಸ್ಡಾ ಪದ್ಧತಿಯಲ್ಲಿ ಆರು ವರ್ಗ ಮಾಡುತ್ತೇವೆ. ಮೊದಲನೆಯದು, ಸ್ಲೈಡಿನಲ್ಲಿ ಜೀವಕೋಶವೇ ಸಾಕಾಗಲಿಲ್ಲ ಅನ್ನುವುದು. ಕನಿಷ್ಠ ಆರು ಗುಂಪು, ಒಂದೊಂದರಲ್ಲೂ ಹತ್ತು ಕೋಶ ಚೆನ್ನಾಗಿ ಕಾಣಬೇಕು. ಇಲ್ಲದಿದ್ದರೆ ನಾನು ಅಭಿಪ್ರಾಯ ಕೊಡುವುದಿಲ್ಲ. ಸಣ್ಣ ಗಂಟಿನಲ್ಲಿ ಹೀಗಾಗುವುದು ಜಾಸ್ತಿ. ಎರಡನೆಯದು ನಿರಪಾಯ. ಆರನೆಯದು ಕ್ಯಾನ್ಸರ್. ಇವೆರಡೂ ಬಂದರೆ ದಾರಿ ಸ್ಪಷ್ಟ.

ಕಷ್ಟ ಇರುವುದು ಮೂರು ಮತ್ತು ನಾಲ್ಕರಲ್ಲಿ. ಕೋಶ ಸ್ವಲ್ಪ ಬೇರೆ ಥರ ಕಾಣುತ್ತದೆ, ಆದರೆ ಕ್ಯಾನ್ಸರ್ ಅನ್ನಲಾಗದು. ಫಾಲಿಕ್ಯುಲರ್ ಜಾತಿಯ ಗಂಟು ನಿರಪಾಯವೋ ಕ್ಯಾನ್ಸರೋ ಅನ್ನುವುದು ಅದು ತನ್ನ ಹೊದಿಕೆಯನ್ನು ಕೊರೆದು ಹೊರಗೆ ಬಂದಿದೆಯಾ ಅನ್ನುವುದರ ಮೇಲೆ ನಿಂತಿದೆ. ಸೂಜಿಯಲ್ಲಿ ಬಿಡಿ ಕೋಶ ಬರುತ್ತದೆ, ಹೊದಿಕೆ ಬರುವುದಿಲ್ಲ. ಹಣ್ಣಿನ ಸಿಪ್ಪೆ ತೂತಾಗಿದೆಯೋ ಇಲ್ಲವೋ ಅಂತ ಒಂದು ಹನಿ ರಸ ನೋಡಿ ಹೇಳಿ ಅಂದ ಹಾಗೆ. ಆಗ ಮತ್ತೆ ಸೂಜಿ, ಅಥವಾ ದುಬಾರಿ ಜೀನ್ ಪರೀಕ್ಷೆ, ಅಥವಾ ಅರ್ಧ ಥೈರಾಯ್ಡ್ ತೆಗೆದು ನೋಡುವುದು. 2023ರ ಆವೃತ್ತಿಯ ಪ್ರಕಾರ ಮೂರನೇ ವರ್ಗದಲ್ಲಿ ಕ್ಯಾನ್ಸರ್ ಸಾಧ್ಯತೆ ಸರಾಸರಿ 100ಕ್ಕೆ 22. ಇದು ಆಪರೇಷನ್ ಆದವರ ಲೆಕ್ಕ. ಆಪರೇಷನ್ನಿಗೆ ಹೋಗುವುದು ಹೆಚ್ಚು ಅನುಮಾನದ ಗಂಟುಗಳೇ, ಹಾಗಾಗಿ ನಿಜವಾದ ಪ್ರಮಾಣ ಇನ್ನೂ ಕಡಿಮೆ ಇರುತ್ತದೆ. 100ಕ್ಕೆ 22 ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಮನೆಯವರು ನೆಮ್ಮದಿಯಾಗಿ ಇರುತ್ತಾರಾ? ಅನುಮಾನ ಬಗೆಹರಿಸಲು ಹೋಗಿ ದೊಡ್ಡ ಅನುಮಾನ ತಂದುಕೊಂಡ ಹಾಗಾಗುತ್ತದೆ. ಅದಕ್ಕೇ ಸಣ್ಣ ಗಂಟಿಗೆ ಸೂಜಿ ಬೇಡ ಅನ್ನುವುದು.

ಗಂಟು ಕರಗಲಿ ಅಂತ ಥೈರಾಯ್ಡ್ ಮಾತ್ರೆ ಕೊಡುವ ಹಳೆಯ ರೂಢಿ ಇನ್ನೂ ಕೆಲವು ಕಡೆ ಇದೆ. ಟಿಎಸ್‌ಎಚ್ ನಾರ್ಮಲ್ ಇರುವವರಿಗೆ ಅದನ್ನು ಈಗಿನ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಎದೆಬಡಿತ, ಮೂಳೆ ಸವೆತ ತರುತ್ತದೆ.

ಮಲೆನಾಡ ಮಳೆ

ಒಂದು ಊಹೆಯ ಪ್ರಶ್ನೆ. ಸೂಜಿ ಹಾಕಿ, 1 ಸೆಂ.ಮೀ. ಒಳಗಿನ ಗಂಟು ಕ್ಯಾನ್ಸರ್ ಅಂತಲೇ ಬಂತು. ಆಗಲೂ ಕಾಯಬಹುದಾ? ಯಾರಾದರೂ ಕಾದು ನೋಡಿದ್ದಾರಾ?

ಮಂಗಳೂರು ಮೈಕ್ರೋಸ್ಕೋಪ್

ನೋಡಿದ್ದಾರೆ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ. ಅಲ್ಲಿನ ಸರ್ಜನ್ ಅಕಿರಾ ಮಿಯಾವುಚಿ 1993ರಲ್ಲಿ ಸಲಹೆ ಕೊಟ್ಟರು: 1 ಸೆಂ.ಮೀ. ಅಥವಾ ಅದಕ್ಕಿಂತ ಸಣ್ಣ, ಅಪಾಯದ ಜಾಗದಲ್ಲಿ ಇಲ್ಲದ, ಹಾಲುಗಂಟಿಗೆ ಹೋಗದ ಪ್ಯಾಪಿಲರಿ ಕ್ಯಾನ್ಸರ್ ಇದ್ದವರಿಗೆ ಎರಡು ದಾರಿ ಕೊಡೋಣ. ಆಪರೇಷನ್, ಅಥವಾ ನಿಯಮಿತವಾಗಿ ಸ್ಕ್ಯಾನ್ ಮಾಡುತ್ತಾ ಗಮನಿಸುವುದು. 2014ರಲ್ಲಿ 1,235 ಜನರ ವಿವರ ಪ್ರಕಟಿಸಿದರು. ಹತ್ತು ವರ್ಷದಲ್ಲಿ 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು 100ಕ್ಕೆ 8 ಜನರಲ್ಲಿ. ಹಾಲುಗಂಟಿಗೆ ಹೋದದ್ದು 100ಕ್ಕೆ 3.8. ಥೈರಾಯ್ಡ್ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. ಬೆಳೆದ ಮೇಲೆ ಆಪರೇಷನ್ ಮಾಡಿಸಿಕೊಂಡವರೂ ಚೆನ್ನಾಗಿಯೇ ಇದ್ದರು. ವಯಸ್ಸಾದವರಲ್ಲಿ ಬೆಳವಣಿಗೆ ತೀರಾ ಕಡಿಮೆ, ಚಿಕ್ಕವರಲ್ಲಿ ಸ್ವಲ್ಪ ಜಾಸ್ತಿ. ಇದಕ್ಕೆ ಒಳ್ಳೆಯ ಸ್ಕ್ಯಾನ್ ಮಾಡುವವರು ಬೇಕು, ರೋಗಿ ತಪ್ಪದೆ ಬರಬೇಕು. ಊರಿಂದ ದೂರದ ಆಸ್ಪತ್ರೆಗೆ ಓಡಾಡಲಾಗದ ಮನೆಗೆ ಆಪರೇಷನ್ನೇ ಸರಿ ಅನ್ನಿಸಿದರೆ ಅದೂ ನ್ಯಾಯವೇ.

2016ರಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಯಿತು. ಹೊದಿಕೆಯೊಳಗೇ ಇರುವ, ಎಲ್ಲೂ ಕೊರೆಯದ ಒಂದು ಬಗೆಯ ಗಂಟನ್ನು ಪೆಥಾಲಜಿಸ್ಟರು ಕ್ಯಾನ್ಸರ್ ಪಟ್ಟಿಯಿಂದಲೇ ತೆಗೆದರು. ಅಂಥ 109 ರೋಗಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಹಿಂಬಾಲಿಸಿದ್ದರು, ಒಬ್ಬರಿಗೂ ಮರುಕಳಿಸಿರಲಿಲ್ಲ. ಈಗ ಅಂಥ ಸ್ಲೈಡ್ ಬಂದಾಗ ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬರೆಯದೆ ಇರಬಹುದು. ಆ ಬಿಡುಗಡೆ ಏನು ಅಂತ ಬರೆಯುವ ನಮಗೆ ಗೊತ್ತು.

ಹೇಮಾವತಿ ದಂಡೆ

ಭಾವನಿಗೆ ಈ ಪೂರ್ತಿ ಚರ್ಚೆ ಓದಿಸಿದೆ. ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞ) ಹತ್ತಿರ ಒಮ್ಮೆ ರಿಪೋರ್ಟ್ ತೋರಿಸಿ, ಭುಜಕ್ಕೆ ಇಂಜೆಕ್ಷನ್ ಮತ್ತು ಫಿಸಿಯೋ ಕೇಳೋಣ ಅಂತ ಒಪ್ಪಿದ್ದಾರೆ. ಇನ್ನೊಂದು ಸಂದೇಹ: ಫಿಸಿಯೋ ಎಷ್ಟು ದಿನ? ಇಲ್ಲಿ ದಿನವೂ ಬನ್ನಿ ಅನ್ನುತ್ತಾರೆ, ಬಸ್ಸಿನಲ್ಲಿ ಹೋಗಿ ಬರುವುದೇ ಕಷ್ಟ.

ಥೇಮ್ಸ್ ಕನ್ನಡಿಗ

ದಿನವೂ ಹೋಗಬೇಕು ಅಂತೇನಿಲ್ಲ. ಫ್ರೋಜನ್ ಶೋಲ್ಡರಿನದಲ್ಲ, ಟೆಂಡನ್ ನೋವಿನವರ ಮೇಲೆ ಮಾಡಿದ ಗ್ರಾಸ್ಪ್ ಅನ್ನುವ ಪ್ರಯೋಗ 2021ರಲ್ಲಿ ಬಂತು. 708 ಜನ. ಕೆಲವರಿಗೆ ಫಿಸಿಯೋ ಜೊತೆ ಆರು ಭೇಟಿಯವರೆಗೆ. ಉಳಿದವರಿಗೆ ಒಂದೇ ಭೇಟಿಯಲ್ಲಿ ಚೆನ್ನಾಗಿ ವಿವರಿಸಿ, ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸಿ ಕಳಿಸಿದರು. ವರ್ಷದ ಕೊನೆಗೆ ಎರಡೂ ಒಂದೇ. ನನ್ನ ವೃತ್ತಿಗೆ ಇದು ಕಹಿಯಾದ ಫಲಿತಾಂಶ, ಆದರೆ ಬಸ್ಸು ಹಿಡಿದು ಬರುವ ರೋಗಿಗೆ ಒಳ್ಳೆಯ ಸುದ್ದಿ. ನಿಮ್ಮ ಅಕ್ಕನಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ಸಲ ಹೋಗಿ ಸರಿಯಾಗಿ ಕಲಿಯಲಿ. ಉಳಿದದ್ದು ಮನೆಯಲ್ಲಿ, ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ. ಸಕ್ಕರೆ ಹತೋಟಿಯಲ್ಲಿರಲಿ. ತಿಂಗಳುಗಟ್ಟಲೆ ಹಿಡಿಯುತ್ತದೆ, ಅದನ್ನು ಮೊದಲೇ ಹೇಳಿಬಿಡಿ.

ಪೇಡಾ ನಗರ

ಧಾರವಾಡದಿಂದ. ಚರ್ಚೆ ಓದಿ ನಮ್ಮ ಅಪ್ಪನಿಗೂ ಕಾಯೋಣ ಅಂದುಕೊಂಡೆವು. 63 ವರ್ಷ. ಕಳೆದ ವಾರ ಬೈಕಿನಿಂದ ಬಲ ಭುಜದ ಮೇಲೆ ಬಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ. ಆದರೆ ಅಂದಿನಿಂದ ಕೈ ಮೇಲೆ ಎತ್ತಲು ಆಗುತ್ತಲೇ ಇಲ್ಲ. ನಾವು ಹಿಡಿದು ಎತ್ತಿದರೆ ಹೋಗುತ್ತದೆ, ಬಿಟ್ಟರೆ ಬಿದ್ದುಬಿಡುತ್ತದೆ. ಬೀಳುವ ಮೊದಲು ಏನೂ ತೊಂದರೆ ಇರಲಿಲ್ಲ. ಮನೆಯಲ್ಲೇ ವ್ಯಾಯಾಮ ಶುರು ಮಾಡಿಸಲಾ?

ಥೇಮ್ಸ್ ಕನ್ನಡಿಗ

ಬೇಡ, ಕಾಯಬೇಡಿ. ಇದು ಬೇರೆಯೇ ವಿಷಯ. ಮೇಲೆ ಬರೆದ ಪ್ರಯೋಗಗಳು ನಿಧಾನವಾಗಿ ಬಂದ ನೋವಿನವು. ಚೆನ್ನಾಗಿದ್ದ ಭುಜ ಬಿದ್ದ ಮೇಲೆ ತಟ್ಟನೆ ಎತ್ತಲಾಗದಿದ್ದರೆ ಟೆಂಡನ್ ದೊಡ್ಡದಾಗಿ ಹರಿದಿರಬಹುದು. ಅಥವಾ ನರಕ್ಕೆ ಪೆಟ್ಟಾಗಿರಬಹುದು. ಭುಜದ ಹೊರಮೈ ಜೋಮು ಹಿಡಿದ ಹಾಗಿದೆಯಾ ಅಂತ ಕೇಳಿ. ಹರಿದ ಟೆಂಡನ್ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ, ಸ್ನಾಯುವಿನಲ್ಲಿ ಕೊಬ್ಬು ತುಂಬುತ್ತದೆ. ಆಮೇಲೆ ಹೊಲಿಯುವುದು ಕಷ್ಟ. ಭುಜ ನೋಡುವ ಮೂಳೆ ಸರ್ಜನ್ನಿಗೆ ಈ ವಾರವೇ ತೋರಿಸಿ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಇವರಿಗೆ ನಿಜವಾಗಿ ಬೇಕು. ಅಲ್ಲಿಯವರೆಗೆ ಕೈಗೆ ಜೋಳಿಗೆ ಹಾಕಿಡಿ, ಮೊಣಕೈ ಮತ್ತು ಬೆರಳು ಆಡಿಸುತ್ತಿರಲಿ.

ಪೇಡಾ ನಗರ

ಜೋಮು ಇಲ್ಲ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ನಾಳೆ ಬೆಳಿಗ್ಗೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಎಕ್ಸ್‌ರೇ ಫಿಲ್ಮ್ ತೆಗೆದುಕೊಂಡು ಹೋಗುತ್ತೇವೆ.